ಪ್ರಾಣೇಶಾಚಾರ್ಯರ ಕಾವ್ಯಪಾಠ

ಆಷಾಢದ ಮಳೆ ಹಿಡಿದು ಗದ್ದೆಯ ನಾಟಿ ಮುಗಿದ ಮೇಲೆ ಉಳವಿಯ ಸೀಮೆಯಲ್ಲಿ ಸಂಜೆಗಳು ಬಲು ದೀರ್ಘವಾಗುವುವು. ಉಳವಿಯೆಂದೊಡನೆ ದೂರದವರ ಮನಸ್ಸು ಚೆನ್ನಬಸವಣ್ಣನವರ ಸಮಾಧಿಯುಳ್ಳ ಜೋಯಿಡಾ ಕಡೆಯ ಕ್ಷೇತ್ರಕ್ಕೆ ಹರಿಯುವುದು ಸಹಜ. ಇಲ್ಲಿ ಹೇಳುತ್ತಿರುವುದು ಸೊರಬ ತಾಲ್ಲೂಕಿನ ಹೋಬಳಿಯಾದ ಉಳವಿಯನ್ನು. ಈ ಕಡೆಯ ಊರುಗಳಲ್ಲಿ ಕಾವ್ಯವನ್ನು ಒಬ್ಬನೇ ಕುಳಿತು ಮನಸ್ಸಿನಲ್ಲಿ ಓದಿಕೊಳ್ಳುವ ರೂಢಿ ಹಿಂದೆ ವಿರಳವಾಗಿದ್ದಿತು. ಜೈಮಿನಿ ಭಾರತವನ್ನೋ ಗದುಗಿನ ಭಾರತವನ್ನೋ ಒಬ್ಬರು ರಾಗವಾಗಿ ವಾಚಿಸಿದರೆ, ಪಕ್ಕದಲ್ಲಿ ಕುಳಿತವರು ಅರ್ಥ ಹೇಳುತ್ತಿದ್ದರು. ಜಗಲಿಯ ತುಂಬ ಕುಳಿತವರು ಕೇಳುತ್ತಿದ್ದರು. ತಾಳಮದ್ದಳೆಯ ಕೂಟವಾದರೆ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ವಾಲಿಯ ಅರ್ಥ ಹೇಳುವವನು ಬಾಣ ತಿಂದು ಬಿದ್ದ ಮೇಲೆ ರಾಮನನ್ನು ನಿಲ್ಲಿಸಿ ಪ್ರಶ್ನಿಸುವುದನ್ನು ಕೇಳಿದವರು, ಮನೆಗೆ ಹೋಗುವ ದಾರಿಯುದ್ದಕ್ಕೂ ಯಾರ ಪಕ್ಷ ನ್ಯಾಯವೆಂದು ಚರ್ಚಿಸುತ್ತ ಹೋಗುವರು. ವಿಮರ್ಶೆಯೆಂಬ ಹೆಸರು ಇಲ್ಲದಿದ್ದರೂ ವಿಮರ್ಶೆಯ ಕೆಲಸ ಅಲ್ಲಿ ನಡೆಯುತ್ತಲೇ ಇದ್ದಿತು.

ಹೀಗೆ ಕೇಳಿ ಬೆಳೆದ ಕಿವಿಗೆ ಹೊಸ ಕಾಲದ ಕಾದಂಬರಿಯು ಮೊದಮೊದಲು ಸುಖಕ್ಕಿಂತ ಹೆಚ್ಚಾಗಿ ಒಂಟಿತನವನ್ನು ಕೊಡುತ್ತದೆ. ಅರ್ಥ ಹೇಳುವವರು ಪಕ್ಕದಲ್ಲಿಲ್ಲ. ಕೊನೆಗೆ ಫಲಶ್ರುತಿಯೂ ಇಲ್ಲ. ಕನ್ನಡದ ಮೊದಲ ಕಾದಂಬರಿಕಾರರು ಇದನ್ನು ಊಹಿಸಿಯೋ ಏನೋ ವಾಚಕನ ಕೈ ಬಿಡಲಿಲ್ಲ. ಗುಲ್ವಾಡಿ ವೆಂಕಟರಾಯರು 1899ರಲ್ಲಿ 'ಇಂದಿರಾಬಾಯಿ'ಯನ್ನು ಪ್ರಕಟಿಸಿದಾಗ ಅದಕ್ಕೆ 'ಸದ್ಧರ್ಮ ವಿಜಯವು' ಎಂಬ ಮತ್ತೊಂದು ಹೆಸರನ್ನೂ ಇಟ್ಟು, ಫಲಶ್ರುತಿಯನ್ನು ಗ್ರಂಥನಾಮದಲ್ಲಿಯೇ ಮುಗಿಸಿಬಿಟ್ಟರು. 1936ರ 'ಕಾನೂರು ಹೆಗ್ಗಡಿತಿ'ಯಲ್ಲಿಯೂ ಕುವೆಂಪು ಅವರು ಕಥೆಯ ನಡುವೆ ತಾವೇ ಬಂದು ಎರಡು ಮಾತು ಆಡಲು ಸಂಕೋಚಪಡುವುದಿಲ್ಲ. ಅಲ್ಲಿಂದ ಮೂವತ್ತು ವರ್ಷ ತುಂಬುವಷ್ಟರಲ್ಲಿ ವಾಚಕನಿಗೆ ಈ ಆಸರೆಯೂ ತಪ್ಪಿಹೋಯಿತು.

ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಹೊರಬಂದಿತು. ಗ್ರಂಥಕರ್ತರು ಅದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆಂದು ಇದ್ದಾಗ. ಕಥೆ ನಡೆಯುವುದು ಮಾತ್ರ ಈ ಜಿಲ್ಲೆಯದೇ ಆದ ತೀರ್ಥಹಳ್ಳಿಯ ಸೀಮೆಯಲ್ಲಿ. 1932ರಲ್ಲಿ ಮೇಳಿಗೆಯಲ್ಲಿ ಜನಿಸಿದ ಅವರ ಓದು ಮೊದಲಾದದ್ದು ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ. ಕಥೆಯ ಅಗ್ರಹಾರಕ್ಕೆ ಅವರು ಇಟ್ಟಿರುವ ಹೆಸರೂ ದೂರ್ವಾಸಪುರವೇ. ಆದುದರಿಂದ ಈ ಗ್ರಂಥವು ಪಾಠಶಾಲೆಗಳನ್ನು ಹೊರಗೆ ನಿಂತು ನೋಡಿದವರ ಬರಹವೆಂದು ತಳ್ಳಿಹಾಕುವಂತಿಲ್ಲ. ಅಗ್ರಹಾರಗಳಲ್ಲಿ ಅನೇಕರು ಹಾಗೆಯೇ ತಳ್ಳಿಹಾಕಿದರು. ಓದದೆ ಬೈದವರ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದಿಲ್ಲ. ಓದಿ ನೊಂದವರ ಮಾತನ್ನು ತೆಗೆದುಕೊಳ್ಳಬೇಕು.

ಅವರ ದೂರು ಇದು. ನಾರಣಪ್ಪನೆಂಬ ಆಚಾರಭ್ರಷ್ಟನು ಜ್ವರದಿಂದ ಸಾಯುತ್ತಾನೆ. ಅವನಿಗೆ ಮಕ್ಕಳಿಲ್ಲ, ಬಹಿಷ್ಕಾರವೂ ಆಗಿರಲಿಲ್ಲ. ಅವನ ಸಂಸ್ಕಾರವನ್ನು ಮಾಡತಕ್ಕವರು ಯಾರೆಂಬುದು ಪ್ರಶ್ನೆ. ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರು ತಾಳೆಗರಿಗಳನ್ನು ಎಷ್ಟು ತಿರುವಿದರೂ ಉತ್ತರ ಸಿಕ್ಕುವುದಿಲ್ಲ. ಇದು ಹೇಗೆ ಸಾಧ್ಯವೆಂದು ಶಾಸ್ತ್ರ ಓದಿದವರು ಕೇಳುತ್ತಾರೆ. ಅನಾಥಪ್ರೇತ ಸಂಸ್ಕಾರವನ್ನು ಮಹಾಪುಣ್ಯವೆಂದು ಸ್ಮೃತಿಕಾರರು ಹೊಗಳಿದ್ದಾರೆ. ಆಪದ್ಧರ್ಮವೆಂಬುದು ಇಂಥ ಇಕ್ಕಟ್ಟಿಗಾಗಿಯೇ ಹುಟ್ಟಿಕೊಂಡದ್ದು. ಪ್ರಾಯಶ್ಚಿತ್ತವನ್ನು ವಿಧಿಸಿ ಕಾರ್ಯವನ್ನು ಸಾಗಿಸುವುದು ಯಾವ ಪುರೋಹಿತನಿಗೂ ತಿಳಿದ ವಿಷಯ. ವೇದಾಂತ ಶಿರೋಮಣಿಗಳಾದವರಿಗೆ ಇಷ್ಟೂ ತಿಳಿಯದೆ?

ಈ ಆಕ್ಷೇಪವು ಶಾಸ್ತ್ರದೃಷ್ಟಿಯಿಂದ ಸರಿಯಾದುದೇ. ಕಾದಂಬರಿಯನ್ನು ಮಾತ್ರ ಅದು ತಾಗುವುದಿಲ್ಲ. ಚಂದ್ರಿಯು ತನ್ನ ಆಭರಣಗಳನ್ನು ತೆಗೆದು ಸಂಸ್ಕಾರದ ವೆಚ್ಚಕ್ಕೆಂದು ಆಚಾರ್ಯರ ಮುಂದೆ ಇಟ್ಟ ಕ್ಷಣದಿಂದ ಪ್ರಶ್ನೆಯು ಶಾಸ್ತ್ರದ್ದಾಗಿ ಉಳಿಯಲಿಲ್ಲ. ಒಲ್ಲೆನೆಂದವರೆಲ್ಲರ ಕಣ್ಣೂ ಚಿನ್ನದ ಮೇಲೆ ಬಿದ್ದಿತು. ಉತ್ತರವನ್ನು ಬಲ್ಲವರು ಬೇರೊಬ್ಬರಿದ್ದರೂ ಆ ಅಗ್ರಹಾರದಲ್ಲಿ ಆ ಉತ್ತರಕ್ಕೆ ಕಿವಿಯಿರಲಿಲ್ಲ. ಗರುಡಾಚಾರ್ಯ ಲಕ್ಷ್ಮಣಾಚಾರ್ಯರ ಲೋಭವನ್ನು ಬರೆಯುವಾಗ ಗ್ರಂಥಕರ್ತರ ಲೇಖನಿ ಪ್ರಹಸನದ ಕಡೆಗೆ ವಾಲಿದೆಯೆಂಬುದು ನಿಜ. ಇಡೀ ಅಗ್ರಹಾರಕ್ಕೆ ಹೊಟ್ಟೆಬಾಕತನವೊಂದೇ ಗುಣವೆಂಬಂತೆ ಅಲ್ಲಲ್ಲಿ ತೋರುವುದು ಗ್ರಂಥದ ಕೊರತೆಯೇ.

ಇರಲಿ. ಈ ವಾದದ ಗದ್ದಲದಲ್ಲಿ ಪಾಠಶಾಲೆಯವರಿಗೆ ಎಲ್ಲಕ್ಕಿಂತ ಮೊದಲು ಚುಚ್ಚಬೇಕಾಗಿದ್ದ ಒಂದು ಸಂದರ್ಭವು ಅನೇಕರ ಕಣ್ಣಿಗೆ ಬೀಳದೆ ಹೋಗಿದೆ. ಅದು ಪ್ರೇತಸಂಸ್ಕಾರದ ವಿಷಯವಲ್ಲ, ಕಾವ್ಯಪಾಠದ ವಿಷಯ. ಪ್ರಾಣೇಶಾಚಾರ್ಯರು ಪ್ರತಿ ಸಂಜೆ ತಮ್ಮ ಜಗಲಿಯಲ್ಲಿ ಪುರಾಣ ಕಾವ್ಯಗಳನ್ನು ಓದಿ ಅರ್ಥ ಹೇಳುತ್ತಿದ್ದವರು. ನಾರಣಪ್ಪನು ಬದುಕಿದ್ದಾಗ ಒಮ್ಮೆ ಅವರನ್ನು ಹಂಗಿಸುತ್ತಾನೆ: ಅವರ ಬಾಯಿಂದ ಶಕುಂತಲೆಯ ವರ್ಣನೆಯನ್ನು ಕೇಳಿದ ತರುಣನೊಬ್ಬನು ತಡೆಯಲಾರದೆ ಎದ್ದು ಹೊಳೆಯ ಕಡೆಗೆ ಹೋಗಿ, ಅಲ್ಲಿ ನೀರಿಗೆ ಬಂದ ಅಸ್ಪೃಶ್ಯ ಜಾತಿಯ ಹುಡುಗಿಯನ್ನು ಕೂಡಿದನಂತೆ. ಓದುವುದು ಕಾಳಿದಾಸನನ್ನು, ಬಾಳಹೇಳುವುದು ಬರಡಾಗಿ, ಎಂದು ಅವನ ಕುಹಕದ ತಾತ್ಪರ್ಯ. ಆಚಾರ್ಯರು ಇದಕ್ಕೆ ಉತ್ತರ ಕೊಡುವುದಿಲ್ಲ, ಮಾಡುವುದು ಇನ್ನೊಂದನ್ನು. ಅಂದಿನಿಂದ ರಸವತ್ತಾದ ಭಾಗಗಳನ್ನು ಬಿಟ್ಟು, ವ್ರತ ತಪಸ್ಸುಗಳ ನೀತಿಕಥೆಗಳನ್ನೇ ಆರಿಸಿ ಓದತೊಡಗುತ್ತಾರೆ. ಅದರಿಂದ ಅವರ ಉತ್ಸಾಹವೇ ಬತ್ತುತ್ತದೆ. ಕಣ್ಣರಳಿಸಿ ಕೇಳುತ್ತಿದ್ದ ತರುಣರು ಬರುವುದನ್ನು ನಿಲ್ಲಿಸುತ್ತಾರೆ. ಆಕಳಿಸುತ್ತ ಪುಣ್ಯಕ್ಕಾಗಿ ಕುಳಿತವರಷ್ಟೇ ಉಳಿಯುತ್ತಾರೆ.

ಪಾಠ ಹೇಳಿದ ಯಾರಿಗಾದರೂ ಈ ಕೆಲವೇ ಸಾಲುಗಳು ಹೆಣದ ಪ್ರಶ್ನೆಗಿಂತ ಕಠಿನವಾದುವು. ಪಾಠಶಾಲೆಗಳಲ್ಲಿ ಶೃಂಗಾರದ ಶ್ಲೋಕ ಬಂದಾಗ ಪಂಡಿತರು ಅನ್ವಯವನ್ನೂ ಸಮಾಸವನ್ನೂ ಅಲಂಕಾರವನ್ನೂ ಬಿಡಿಸಿ ಮುಂದೆ ಹೋಗುವುದು ಎಲ್ಲರಿಗೂ ಗೊತ್ತು. ಹದಿನಾರರ ಹುಡುಗರು ತಲೆ ತಗ್ಗಿಸಿ ಬರೆದುಕೊಳ್ಳುವರು. ಗುರುವು ವ್ಯಾಕರಣದ ಹಿಂದೆ, ಶಿಷ್ಯನು ಮೌನದ ಹಿಂದೆ ಅಡಗಿಕೊಂಡು, ಶ್ಲೋಕವು ಇಬ್ಬರ ನಡುವೆ ಬಿದ್ದಿರುವುದು. ಅನಂತಮೂರ್ತಿಯವರು ಆ ಬಿದ್ದ ಶ್ಲೋಕವನ್ನು ಎತ್ತಿಕೊಂಡು ಅದರ ಗತಿಯೇನಾಯಿತೆಂದು ಕೇಳಿದ್ದಾರೆ.

ಆಲಂಕಾರಿಕರಿಗೆ ಈ ಪ್ರಶ್ನೆ ಹೊಸದಲ್ಲ. ರಸಾಸ್ವಾದಕ್ಕೆ ಒದಗುವ ವಿಘ್ನಗಳನ್ನು ಎಣಿಸುತ್ತ ಅಭಿನವಗುಪ್ತನು, ತನ್ನದೇ ಸುಖದುಃಖಗಳಿಗೆ ವಶನಾದವನು ಕಾವ್ಯವನ್ನು ಆಸ್ವಾದಿಸಲಾರನೆಂದು ಹೇಳಿದನು. ಕಾವ್ಯದಲ್ಲಿ ಕಾಣುವ ರತಿಯು ಲೋಕದ ರತಿಯಾಗಿ ಕೈ ಚಾಚಿದೊಡನೆ ರಸವು ಹಾರಿಹೋಗುತ್ತದೆ. ಹೊಳೆಗೆ ಓಡಿದ ತರುಣನಿಗೆ ಆದದ್ದು ಇದೇ. ಮತ್ತೊಂದು ಕಡೆಯಲ್ಲಿ, ಹೃದಯದಲ್ಲಿ ವಾಸನೆಯೇ ಇಲ್ಲದವನಿಗೆ ರಸವಿಲ್ಲವೆಂದೂ ಅವರು ಹೇಳಿದರು. ಆಚಾರ್ಯರಿಗೆ ವಾಸನೆಯಿತ್ತು, ಅದಕ್ಕೆ ಅವರು ಬೀಗ ಹಾಕಿದ್ದರು. ರೋಗಿಷ್ಠೆಯಾದ ಹೆಂಡತಿಯ ಸೇವೆಯನ್ನೇ ತಪಸ್ಸೆಂದು ತಿಳಿದು ಬಾಳಿದ ಅವರು, ಕಾವ್ಯದಲ್ಲಿ ಕಂಡ ಚೆಲುವೆಲ್ಲ ದೇವರಿಗೆ ಸೇರತಕ್ಕದ್ದು, ಹೆಣ್ಣಿನ ರೂಪವೆಲ್ಲ ಲಕ್ಷ್ಮಿಯದು, ತಮಗೆ ಅದರಲ್ಲಿ ಭಾಗವಿಲ್ಲ ಎಂದುಕೊಂಡವರು. ಒಬ್ಬನು ಕಾವ್ಯವನ್ನು ತನ್ನ ಮೈಗೆ ತೆಗೆದುಕೊಂಡನು. ಇನ್ನೊಬ್ಬರು ದೇವರ ಮನೆಗೆ ಕಳುಹಿಸಿದರು. ಇಬ್ಬರ ಕೈಯಲ್ಲಿಯೂ ಶಕುಂತಲೆಯು ಉಳಿಯಲಿಲ್ಲ.

ಲಕ್ಷ್ಮಿಯ ಮಾತು ಬಂದಾಗ ಬಾಣನು ನೆನಪಾಗದಿರುವುದು ಕಷ್ಟ. ಕನ್ನಡದಲ್ಲಿ ಈ ಸಾಹಿತ್ಯಪ್ರಕಾರಕ್ಕೆ ಅವನ ನಾಯಿಕೆಯ ಹೆಸರನ್ನೇ ಇಟ್ಟಿರುವಾಗ ಹೋಲಿಸಿ ನೋಡುವುದು ಅನುಚಿತವೂ ಅಲ್ಲ. ಏಳನೆಯ ಶತಮಾನದ ಆ 'ಕಾದಂಬರಿ'ಯನ್ನು ನಾಗವರ್ಮನು ಚಂಪುವಾಗಿ ಕನ್ನಡಕ್ಕೆ ತಂದುದರಿಂದ ಅದು ಕನ್ನಡಿಗರದೂ ಆಗಿದೆ. ಅದರಲ್ಲಿ ಪುಂಡರೀಕನೆಂಬ ಮುನಿಕುಮಾರನು ಅಚ್ಛೋದ ಸರೋವರದ ದಡದಲ್ಲಿ ಮಹಾಶ್ವೇತೆಯನ್ನು ಕಂಡು ಒಂದೇ ನೋಟಕ್ಕೆ ತಪಸ್ಸನ್ನು ಕಳೆದುಕೊಳ್ಳುತ್ತಾನೆ. ಕೈಯಿಂದ ಜಾರಿದ ಜಪಮಾಲೆ ಆಕೆಯ ಕೊರಳಿಗೆ ಸೇರಿದ್ದೂ ಅವನಿಗೆ ಅರಿವಾಗುವುದಿಲ್ಲ. ಗೆಳೆಯನಾದ ಕಪಿಂಜಲನು ಬಂದು, ಓದಿದ ವಿದ್ಯೆಯೆಲ್ಲ ಎಲ್ಲಿಗೆ ಹೋಯಿತೆಂದು ಕೇಳುತ್ತಾನೆ. ನೊಂದವನಿಗೆ ಉಪದೇಶವು ಎಷ್ಟು ದೂರದ ವಸ್ತುವೆಂಬುದನ್ನು ಬಾಣನು ಅಲ್ಲಿ ತೋರಿಸುವ ಬಗೆ ಅಸಾಧಾರಣವಾದುದು. ಚಂದ್ರೋದಯವಾಗುತ್ತದೆ, ಮಹಾಶ್ವೇತೆ ಬರುವಷ್ಟರಲ್ಲಿ ಪುಂಡರೀಕನು ಸತ್ತಿರುತ್ತಾನೆ. ಪ್ರಾಣೇಶಾಚಾರ್ಯರಾದರೋ ಮಾರುತಿಯ ಗುಡಿಯಲ್ಲಿ ಹೂ ಪ್ರಸಾದಕ್ಕೆ ಕಾದು ಕಾದು, ಬರಿಗೈಯಲ್ಲಿ ಹಿಂದಿರುಗುವಾಗ ಕಾಡಿನ ಕತ್ತಲೆಯಲ್ಲಿ ಚಂದ್ರಿಯನ್ನು ಸೇರುತ್ತಾರೆ. ಹಸಿದ ಅವರಿಗೆ ಆಕೆ ಮಡಿಲಿನಲ್ಲಿದ್ದ ಬಾಳೆಯ ಹಣ್ಣನ್ನು ಸುಲಿದು ತಿನ್ನಿಸುತ್ತಾಳೆ. ಬಾಣನ ಮುನಿಗೆ ಸಾವು ಬಂದು ಅವನ ಮಾನವನ್ನು ಕಾಯಿತು. ಆಚಾರ್ಯರಿಗೆ ಆ ಅನುಕೂಲವಿಲ್ಲ. ಅವರು ಬೆಳಗ್ಗೆ ಎದ್ದು, ಅಗ್ರಹಾರಕ್ಕೆ ಹೋಗಿ, ಕಾದು ಕುಳಿತವರ ಮುಖ ನೋಡಬೇಕು.

ಇನ್ನೂ ಸೂಕ್ಷ್ಮವಾದ ಹೋಲಿಕೆಯೊಂದಿದೆ. ಬಾಣನ ಕಥೆಯು ಶೂದ್ರಕ ರಾಜನ ಸಭೆಗೆ ಚಂಡಾಲಕನ್ಯೆಯೊಬ್ಬಳು ಗಿಳಿಯ ಪಂಜರದೊಡನೆ ಬರುವುದರಿಂದ ಆರಂಭವಾಗುತ್ತದೆ. ಅವಳ ರೂಪವನ್ನು ಕವಿಯು ಮುಗಿಯದ ವಾಕ್ಯಗಳಲ್ಲಿ ವರ್ಣಿಸುತ್ತಾನೆ. ಇಂಥ ಚೆಲುವು ಮುಟ್ಟಬಾರದ ಕುಲದಲ್ಲಿ ಏಕೆ ಹುಟ್ಟಿತೆಂದು ರಾಜನು ವಿಸ್ಮಯಪಡುತ್ತಾನೆ. ಕಥೆಯ ಕೊನೆಯಲ್ಲಿ ತಿಳಿದುಬರುವುದೇನೆಂದರೆ ಅವಳು ಚಂಡಾಲಿಯೇ ಅಲ್ಲ; ಪುಂಡರೀಕನ ತಾಯಿಯಾದ ಲಕ್ಷ್ಮಿಯು ಆ ವೇಷದಲ್ಲಿದ್ದಳು. ರಾಜನ ವಿಸ್ಮಯಕ್ಕೆ ಸಮಾಧಾನ ದೊರೆಯಿತು, ಚೆಲುವು ತನ್ನ ಯೋಗ್ಯಸ್ಥಾನವನ್ನು ಸೇರಿತು, ಕೇಳುಗರೂ ನಿಶ್ಚಿಂತರಾದರು. ಎಷ್ಟೋ ತಲೆಮಾರುಗಳು ಈ ಭಾಗವನ್ನು ಪಾಠ ಹೇಳಿವೆ. ಹೀಗೆ ಲಕ್ಷ್ಮಿಯಾಗಿ ಬದಲಾಗದ ಹುಡುಗಿಯೊಬ್ಬಳಿದ್ದರೆ ಅವಳ ಗತಿಯೇನೆಂದು ಯಾರೂ ಕೇಳಿದಂತಿಲ್ಲ.

'ಸಂಸ್ಕಾರ'ದ ಬೆಳ್ಳಿಯು ಅಂಥ ಹುಡುಗಿ. ಬಯಲಾಟದ ಹುಚ್ಚಿನ ಶ್ರೀಪತಿಯ ಕಣ್ಣಿಗೆ ಅವಳು ಶಕುಂತಲೆ. ಒಂದು ರಾತ್ರಿ ಅವಳು ಅವನಿಗೆ ತನ್ನ ಕೇರಿಯ ಸುದ್ದಿ ಹೇಳುತ್ತಾಳೆ: ಇಲಿಗಳು ಹೊರಬಂದು ಸಾಯುತ್ತಿವೆ, ಗುಡಿಸಲಿನಲ್ಲಿ ಜನ ಸತ್ತರು, ತನ್ನ ತಂದೆತಾಯಿ ಜ್ವರದಿಂದ ಮಲಗಿದ್ದಾರೆ. ಇಡೀ ಗ್ರಂಥದಲ್ಲಿ ಇದಕ್ಕಿಂತ ಮುಖ್ಯವಾದ ಸುದ್ದಿಯಿಲ್ಲ. ಊರಿಗೆ ಪ್ಲೇಗು ಬಂದಿದೆ. ನಾರಣಪ್ಪನು ಸತ್ತದ್ದೂ ಅದರಿಂದಲೇ. ಅಗ್ರಹಾರದ ಪಂಡಿತರೆಲ್ಲ ಅದನ್ನು ಪಾಪದ ಫಲವೆಂದು ತರ್ಕಿಸುತ್ತ ಹದ್ದುಗಳನ್ನು ಓಡಿಸಲು ಜಾಗಟೆ ಬಾರಿಸುತ್ತಿರುವಾಗ, ನಿಜವನ್ನು ಕಂಡು ಹೇಳಿದವಳು ಇವಳು. ಶ್ರೀಪತಿಗೆ ಆ ಮಾತು ಬೇಸರ ತರಿಸುತ್ತದೆ. ಕೂಡುವುದಕ್ಕೆ ಬೆಳ್ಳಿ ಒಪ್ಪುವಳು, ಮಾತಿಗೆ ಆಗಳು ಎಂಬುದು ಅವನ ನಿರ್ಣಯ.

ಕಾವ್ಯವನ್ನು ಕೇಳಿ ಕಣ್ಣು ತೆರೆದವನಿಗೆ ಕಿವಿ ತೆರೆಯಲಿಲ್ಲ. ಶಕುಂತಲೆಯನ್ನು ಅವಳಲ್ಲಿ ಕಂಡನು. ಅವಳ ತಂದೆತಾಯಿ ಸಾಯುತ್ತಿರುವುದು ಅವನಿಗೆ ಕೇಳಿಸಲಿಲ್ಲ. ಅವನಿಗೆ ಪಾಠ ಹೇಳಿದವರೂ ವರ್ಣನೆಯನ್ನೇ ಹೇಳಿದ್ದಿರಬೇಕು. ದುಷ್ಯಂತನ ಸಭೆಯಲ್ಲಿ ನಿಂತು ಶಕುಂತಲೆಯು ಆಡಿದ ಕಟುವಾದ ಮಾತುಗಳವರೆಗೆ ಆ ಸಂಜೆಯ ಪಾಠ ಹೋಗಿರಲಿಕ್ಕಿಲ್ಲ. ಕಾಳಿದಾಸನ ನಾಟಕದಲ್ಲಿ ಆಕೆಯನ್ನು ನೋಡಿದವರು ಬಹಳ. ಆಕೆ ಹೇಳುವುದನ್ನು ನಂಬದೆ ಹೋದದ್ದೇ ಅಲ್ಲಿನ ಸಂಕಟ. ನಾಟಕದ ಅರ್ಧವನ್ನು ಕೇಳಿದವನು ದುಷ್ಯಂತನ ತಪ್ಪನ್ನೇ ಮತ್ತೆ ಮಾಡಿದನೆಂದರೆ ಅದು ಕಾವ್ಯದ ದೋಷವಲ್ಲ. ಅಲ್ಲಿಗೆ ನಿಲ್ಲಿಸಿದ ಪಾಠದ್ದು.

ಹಾಗಾದರೆ ಗ್ರಂಥಕರ್ತರು ತಾವಾದರೂ ಕಿವಿಗೊಟ್ಟರೇ? ಇಲ್ಲಿ ಮೆಚ್ಚುಗೆಯೊಡನೆ ಆಕ್ಷೇಪವನ್ನೂ ದಾಖಲಿಸಬೇಕಾಗಿದೆ. ಶ್ರೀಪತಿಯ ಕಿವುಡುತನವನ್ನು ಅವರು ಕಂಡಿದ್ದಾರೆ, ವಾಚಕನಿಗೂ ಕಾಣಿಸಿದ್ದಾರೆ. ಆದರೆ ಆ ಸುದ್ದಿ ಹೇಳಿದ ಮೇಲೆ ಬೆಳ್ಳಿ ಏನಾದಳೆಂಬುದರ ಹಿಂದೆ ಅವರೂ ಹೋಗುವುದಿಲ್ಲ. ಚಂದ್ರಿಯ ವಿಷಯದಲ್ಲಿ ಈ ಕೊರತೆ ಇನ್ನೂ ಎದ್ದು ತೋರುತ್ತದೆ. ಪಂಡಿತರೆಲ್ಲ ಕೈ ಕಟ್ಟಿ ಕುಳಿತಾಗ, ಅಹಮದ್ ಬ್ಯಾರಿಯ ಸಹಾಯದಿಂದ ರಾತ್ರೋರಾತ್ರಿ ನಾರಣಪ್ಪನ ದಹನವನ್ನು ಮುಗಿಸಿದವಳು ಆಕೆ. ಗ್ರಂಥದ ಹೆಸರಿನ ಕಾರ್ಯವನ್ನು ನಿಜವಾಗಿ ಮಾಡಿದವಳು! ಅನಂತರ ಆಕೆಯನ್ನು ಕುಂದಾಪುರದ ದಾರಿ ಹಿಡಿಸಿ, ಕಥೆಯು ಆಚಾರ್ಯರ ಮನಸ್ಸಿನ ಹಿಂದೆಯೇ ನೂರು ಹಾದಿ ತಿರುಗುತ್ತದೆ. ಆ ಅಲೆದಾಟ ಕನ್ನಡ ಗದ್ಯಕ್ಕೆ ಹೊಸ ಬಲವನ್ನು ತಂದಿತೆಂಬುದರಲ್ಲಿ ಸಂಶಯವಿಲ್ಲ; ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿಯು ಒಂದೇ ಪಾತ್ರದೊಳಗೆ ವಾದಿಯೂ ಪ್ರತಿವಾದಿಯೂ ಆಗಿ ನಿಲ್ಲುವುದನ್ನು ಕೇಳಿದವರಿಗೆ ಅದರ ಸೊಗಸು ಬೇಗ ಹಿಡಿಸುತ್ತದೆ. ಆದರೂ ಹೆಂಗಸರು ಇಲ್ಲಿ ಹೆಚ್ಚಾಗಿ ಮೈಯಾಗಿ, ಗಂಧವಾಗಿ, ನೆರಳಾಗಿ ಬರುತ್ತಾರೆ. ಅಗ್ರಹಾರದ ಗೃಹಿಣಿಯರಿಗಂತೂ ಬತ್ತಿದ ರೂಪವೊಂದನ್ನು ಬಿಟ್ಟರೆ ಬೇರೆ ಸಂಪತ್ತಿಲ್ಲ. ವರ್ಣನೆಯ ಪಾಠವನ್ನು ಹಳಿದ ಗ್ರಂಥವು ತಾನೂ ವರ್ಣನೆಯಿಂದ ಪೂರ್ತಿ ಬಿಡಿಸಿಕೊಳ್ಳಲಿಲ್ಲ.

ಈ ಕೊರತೆಯನ್ನು ಅರಿಯುವುದಕ್ಕೆ ಅದೇ ತೀರ್ಥಹಳ್ಳಿಯ ಸೀಮೆಯ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ವನ್ನು ಪಕ್ಕದಲ್ಲಿಟ್ಟು ಓದಬೇಕು. 1976ರಲ್ಲಿ ಬಂದ ಆ ಪುಸ್ತಕವು ಮನೆತನದಲ್ಲಿ ನಿಜವಾಗಿ ಬಾಳಿದ ಒಬ್ಬ ಮುದುಕಿಯ ಕಥೆ. ಬಾಲ್ಯದಲ್ಲಿಯೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ನೂರು ದಾಟಿ ಬದುಕಿದವಳ ಕಥೆ. ಬರವಣಿಗೆಯಲ್ಲಿ ಪಾಂಡಿತ್ಯದ ಸೋಂಕಿಲ್ಲ. ಅಜ್ಜಿಯರು ಹಿತ್ತಿಲ ಜಗಲಿಯಲ್ಲಿ ಹೇಳುವ ಧಾಟಿಯೇ ಮೊದಲಿನಿಂದ ಕೊನೆಯವರೆಗೂ. ಕಲೆಯಲ್ಲಿ ಅದು 'ಸಂಸ್ಕಾರ'ಕ್ಕೆ ಸಮನಲ್ಲ. ಆದರೆ ದಾಕ್ಷಾಯಣಿಯೆಂಬ ತರುಣ ವಿಧವೆ ತಲೆ ಕೊಡಲಾರೆನೆಂದು ನಿಂತಾಗ, ಜೀವಮಾನವೆಲ್ಲ ಆ ಕಟ್ಟಳೆಯನ್ನು ಪಾಲಿಸಿದ ಫಣಿಯಮ್ಮನು ಹುಡುಗಿಯ ಪಕ್ಷವನ್ನು ವಹಿಸುತ್ತಾಳೆ. ತಾಳೆಗರಿ ತಿರುವಲಿಲ್ಲ, ಪ್ರಸಾದ ಕೇಳಲಿಲ್ಲ. ಹುಡುಗಿ ಹೇಳಿದ್ದನ್ನು ಕೇಳಿದಳು, ಅಷ್ಟೆ. ಪ್ರಾಣೇಶಾಚಾರ್ಯರಿಗೆ ಇಷ್ಟು ಕಷ್ಟವಾದದ್ದು ಆಕೆಗೆ ಇಷ್ಟು ಸುಲಭವಾದದ್ದು ಹೇಗೆಂಬುದನ್ನು ಇಂದಿರಾ ಅವರು ವಿವರಿಸುವುದಿಲ್ಲ. ವಿವರಿಸಬೇಕೆಂದು ಅವರಿಗೆ ತೋರಿದಂತೆಯೂ ಇಲ್ಲ.

ಹೀಗೆಂದು ಶಾಸ್ತ್ರಕಾವ್ಯಗಳ ಓದು ಮನುಷ್ಯನನ್ನು ಕಿವುಡಾಗಿಸುವುದೆಂದು ತೀರ್ಮಾನಿಸುವುದು ಆತುರದ ಮಾತಾದೀತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠವನ್ನು ಕೊಂಡಾಡುವ 1162ರ ಶಾಸನವೊಂದಿದೆ. ಆ ಮಠದಲ್ಲಿ ವೇದಗಳೂ ಹಲವು ವ್ಯಾಕರಣಗಳೂ ದರ್ಶನಗಳೂ ಕಾವ್ಯನಾಟಕಗಳೂ ಅಧ್ಯಯನವಾಗುತ್ತಿದ್ದುವೆಂದು ಅದು ಹೇಳುತ್ತದೆ. ಅದೇ ಉಸಿರಿನಲ್ಲಿ ದೀನರಿಗೂ ಅನಾಥರಿಗೂ ಅನ್ನ ದೊರೆಯುವ, ರೋಗಿಗಳಿಗೆ ಚಿಕಿತ್ಸೆಯಾಗುವ ಸ್ಥಾನವೂ ಅದೇ ಎಂದು ಸೇರಿಸುತ್ತದೆ. ಶಾಸನಗಳಲ್ಲಿ ಹೊಗಳಿಕೆ ಎಷ್ಟು, ನಿಜವೆಷ್ಟು ಎಂಬುದು ಬೇರೆಯ ವಿಚಾರ. ಆದರೆ ಕಾವ್ಯ ಓದುವ ಜಗಲಿಗೂ ಜ್ವರ ಬಂದವನು ಮಲಗುವ ಜಗಲಿಗೂ ಒಂದೇ ಮಾಡು ಇರಬೇಕೆಂದು ಆ ಕಾಲದವರು ಬಯಸಿದ್ದರು. ದೂರ್ವಾಸಪುರದ ಆಚಾರ್ಯರ ಜಗಲಿಯಿಂದ ಬೆಳ್ಳಿಯ ಗುಡಿಸಲು ಎಷ್ಟು ದೂರವಿದ್ದಿತೆಂಬುದನ್ನು ಇದರೊಡನೆ ನೆನೆಯಬಹುದು.

ಇನ್ನು ಮುಕ್ತಾಯದ ವಿಷಯ. ಹಳೆಯ ವಾಚಕರಿಗೆ 'ಸಂಸ್ಕಾರ'ದ ಮೇಲಿರುವ ಕೊನೆಯ ಮುನಿಸು ಇದೇ. ಹೆಂಡತಿಯ ದಹನ ಮುಗಿಸಿ ಅಲೆಯಲು ಹೊರಟ ಆಚಾರ್ಯರಿಗೆ ಪುಟ್ಟನೆಂಬವನು ಗಂಟುಬೀಳುತ್ತಾನೆ. ಒಗಟು ಹೇಳುತ್ತ, ಬೇಡವೆಂದರೂ ಬಿಡದೆ, ಮೇಳಿಗೆಯ ತೇರಿನವರೆಗೂ ಬರುತ್ತಾನೆ. ಸೂತಕದಲ್ಲಿದ್ದು ದೇವಸ್ಥಾನದ ಪಂಕ್ತಿಯಲ್ಲಿ ಉಂಡು, ಗುರುತು ಸಿಕ್ಕೀತೆಂದು ಬೆದರಿ, ಆಚಾರ್ಯರು ಕೊನೆಗೆ ದೂರ್ವಾಸಪುರದ ಕಡೆಗೆ ಹೋಗುವ ಗಾಡಿಯನ್ನು ಹತ್ತುತ್ತಾರೆ. ಎಲ್ಲರ ಮುಂದೆ ನಿಜವನ್ನು ಹೇಳುವರೇ? ಹೇಳಿದರೆ ಕೇಳುವವರು ಅಲ್ಲಿ ಯಾರಾದರೂ ಉಳಿದಿರುವರೇ? ಗ್ರಂಥವು ಅಲ್ಲಿಗೆ ನಿಲ್ಲುತ್ತದೆ.

ಬಾಣನ 'ಕಾದಂಬರಿ'ಯೂ ನಡುವೆ ನಿಂತಿತು. ಆದರೆ ಅದನ್ನು ನಿಲ್ಲಿಸಿದ್ದು ಕವಿಯ ಮರಣ. ಕಥೆ ಮುರಿದುಬಿದ್ದುದಕ್ಕೆ ಸಜ್ಜನರು ದುಃಖಪಡುವುದನ್ನು ಕಂಡು, ಕವಿತ್ವದ ಹೆಮ್ಮೆಯಿಂದಲ್ಲವೆಂದು ಹೇಳಿಕೊಂಡು, ಅವನ ಮಗನು ಉತ್ತರಭಾಗವನ್ನು ಬರೆದನು. ಸತ್ತವರೆಲ್ಲ ಎದ್ದರು, ಶಾಪಗಳೆಲ್ಲ ಬಿಟ್ಟುವು, ಚಂಡಾಲಕನ್ಯೆ ಲಕ್ಷ್ಮಿಯಾದದ್ದೂ ಆ ಮಗನು ಬರೆದ ಭಾಗದಲ್ಲಿಯೇ. ಅನಂತಮೂರ್ತಿಯ‌ವರು 'ಸಂಸ್ಕಾರ'ದ ಬಳಿಕ ಸುಮಾರು ಐವತ್ತು ವರ್ಷ ಬದುಕಿದ್ದು 2014ರಲ್ಲಿ ತೀರಿಕೊಂಡರು. ಗಾಡಿ ಊರು ಮುಟ್ಟಿದ ಮೇಲೆ ನಡೆದದ್ದನ್ನು ಬರೆಯಲಿಲ್ಲ. ಉಳವಿಯಂಥ ಊರುಗಳ ಜಗಲಿಗಳಲ್ಲಿ ಪುಸ್ತಕವನ್ನು ಮುಚ್ಚಿಟ್ಟು ಮಳೆ ನೋಡುತ್ತ ಕುಳಿತವರಿಗೆ ಆಚಾರ್ಯರು ಇನ್ನೂ ಆ ಗಾಡಿಯಲ್ಲಿಯೇ ಇದ್ದಾರೆ. ಊರು ಇನ್ನೂ ನಾಲ್ಕೈದು ಗಂಟೆಯ ದಾರಿ.